ಸಭೆಯಲ್ಲಿ ನುಡಿಯುವವನ ಸಿದ್ಧತೆ

ಮನೆಯ ಜಗಲಿಯ ಮೇಲೆ ಕುಳಿತು ನಾಲ್ವರೊಡನೆ ಆಡುವ ಮಾತಿಗೂ ಸಭೆಯ ಮುಂದೆ ನಿಂತು ಆಡುವ ಮಾತಿಗೂ ಬಹಳ ಅಂತರವುಂಟು. ಜಗಲಿಯ ಮಾತಿನಲ್ಲಿ ಕೇಳುವವನಿಗೆ ಅರ್ಥವಾಗದಿದ್ದರೆ ಅವನು ಆ ಕ್ಷಣವೇ ತಡೆದು ಕೇಳಬಲ್ಲನು. ಬೇಸರವಾದರೆ ಎದ್ದು ಹೋಗಬಲ್ಲನು. ಮನಸ್ಸು ಬಂದರೆ ತಾನೂ ಎರಡು ಮಾತು ಸೇರಿಸಬಲ್ಲನು. ಸಭೆಯಲ್ಲಿ ಕುಳಿತವನಿಗೆ ಈ ಮೂರು ಸ್ವಾತಂತ್ರ್ಯಗಳೂ ಇಲ್ಲ. ಅವನು ತನ್ನ ಹೊಲ, ಅಂಗಡಿ, ಮಗ್ಗ, ಕಛೇರಿಗಳ ಕೆಲಸವನ್ನು ಬದಿಗಿಟ್ಟು ಬಂದು, ಮರ್ಯಾದೆಯಿಂದ ಸುಮ್ಮನೆ ಕುಳಿತು, ತನ್ನ ಒಂದು ಗಂಟೆಯ ಕಾಲವನ್ನು ಉಪನ್ಯಾಸಕನ ಕೈಗೆ ಒಪ್ಪಿಸಿರುತ್ತಾನೆ. ಇನ್ನೂರು ಜನರು ಕೂಡಿದ ಸಭೆಯಲ್ಲಿ ಒಂದು ಗಂಟೆಯು ವ್ಯರ್ಥವಾದರೆ, ಹಾಳಾದುದು ಒಂದು ಗಂಟೆಯಲ್ಲ, ಇನ್ನೂರು ಗಂಟೆ. ದಿನಕ್ಕೆ ಎಂಟು ಗಂಟೆ ದುಡಿಯುವ ಮನುಷ್ಯನಿಗೆ ಅದು ಇಪ್ಪತ್ತೈದು ದಿನಗಳ ಕಾಯಕ.

ಆದುದರಿಂದ ಸಭೆಯಲ್ಲಿ ನುಡಿಯಲು ಎದ್ದು ನಿಂತವನು ಸಭೆಗೆ ಋಣಿಯಾದವನು. ಹಾರ, ಫಲ, ಶಾಲುಗಳನ್ನು ಸ್ವೀಕರಿಸುವಾಗ ಸಭೆಯೇ ಅವನಿಗೆ ಋಣಿಯಾದಂತೆ ತೋರಬಹುದು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧವಾದುದು. ಈ ಋಣವನ್ನು ತೀರಿಸುವ ದಾರಿ ಒಂದೇ. ಸಭೆಯು ಮನೆಗೆ ಒಯ್ಯತಕ್ಕ ಒಂದು ಮಾತನ್ನು ಮೊದಲೇ ನಿಶ್ಚಯಿಸಿಕೊಂಡು, ಆ ಮಾತು ಯಾರ ಕಿವಿಯಿಂದಲೂ ತಪ್ಪಿಹೋಗದ ಸ್ಥಾನದಲ್ಲಿ ಅದನ್ನು ಇಡುವುದು. ಸಿದ್ಧತೆ ಎಂಬ ಶಬ್ದದ ಸಾರವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಧ್ವನಿ, ಅಭಿನಯ, ದೃಷ್ಟಾಂತ, ಚಿತ್ರ ಮೊದಲಾದುವೆಲ್ಲ ಈ ಒಂದು ಕಾರ್ಯದ ಪರಿಚಾರಕರು.

೧. ವಾಕ್ಶಕ್ತಿಯು ಹುಟ್ಟುಗುಣವೇ?

ಮಾತುಗಾರಿಕೆಯು ದೈವದತ್ತವಾದುದು, ಅಭ್ಯಾಸದಿಂದ ಬರತಕ್ಕದ್ದಲ್ಲ ಎಂಬ ಅಭಿಪ್ರಾಯವು ಜನರಲ್ಲಿ ಬೇರೂರಿದೆ. ಈ ಅಭಿಪ್ರಾಯದಿಂದ ಎರಡು ಬಗೆಯ ಹಾನಿ ಉಂಟಾಗುತ್ತದೆ. ಮಾತು ಸುಲಭವಾಗಿ ಬರುವವನು ಸಿದ್ಧತೆಯನ್ನು ಬಿಡುತ್ತಾನೆ. ಮಾತು ಬಾರದವನು ಪ್ರಯತ್ನವನ್ನೇ ಬಿಡುತ್ತಾನೆ. ಮೈಕೇಲ್ ಫ್ಯಾರಡೆ ಎಂಬ ಆಂಗ್ಲ ವಿಜ್ಞಾನಿಯ ಚರಿತ್ರೆಯು ಇವರಿಬ್ಬರಿಗೂ ತಕ್ಕ ಪಾಠವಾಗಿದೆ.

ಫ್ಯಾರಡೆಯು ೧೭೯೧ರಲ್ಲಿ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದನು. ಹೆಚ್ಚಿನ ಶಾಲಾವಿದ್ಯೆ ದೊರೆಯಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವವನಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತ ಬೆಳೆದನು. ೧೮೧೨ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶವು ಅವನಿಗೆ ಒದಗಿತು. ಕೇಳಿದುದನ್ನೆಲ್ಲ ಬರೆದು, ತನ್ನ ಕೈಯಿಂದಲೇ ರಟ್ಟು ಕಟ್ಟಿ, ಆ ಪುಸ್ತಕವನ್ನು ಡೇವಿಗೆ ಕಳುಹಿಸಿದನು. ಮರುವರ್ಷ, ಅಂದರೆ ೧೮೧೩ರಲ್ಲಿ, ಅದೇ ಸಂಸ್ಥೆಯಲ್ಲಿ ಸಹಾಯಕನಾಗಿ ಸೇರಿದನು.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಆ ವರ್ಷವೇ ಫ್ಯಾರಡೆಯು ಬೆಂಜಮಿನ್ ಅಬಟ್ ಎಂಬ ಸ್ನೇಹಿತನಿಗೆ ಪತ್ರಗಳನ್ನು ಬರೆದು, ಉಪನ್ಯಾಸವು ಹೇಗಿರಬೇಕೆಂಬುದನ್ನು ವಿಸ್ತಾರವಾಗಿ ವಿಚಾರಿಸಿದನು. ಆಗ ಅವನು ಉಪನ್ಯಾಸಕನಾಗಿರಲಿಲ್ಲ. ಬೇರೆಯವರ ಉಪನ್ಯಾಸಗಳಲ್ಲಿ ಉಪಕರಣಗಳನ್ನು ಅಣಿಗೊಳಿಸಿಕೊಡುವ ಯುವಕನಾಗಿದ್ದನು. ಸಭಾಮಂದಿರದಲ್ಲಿ ಗಾಳಿ ಆಡುವುದೋ ಇಲ್ಲವೋ, ಜನರು ಗದ್ದಲವಿಲ್ಲದೆ ಒಳಬಂದು ಹೊರಹೋಗಲು ದಾರಿಯಿದೆಯೋ, ಉಪಕರಣಗಳು ಎಲ್ಲರಿಗೂ ಕಾಣುವವೋ ಎಂಬುವನ್ನು ಸಹ ಅವನು ಬಿಡಲಿಲ್ಲ. ಶ್ರೋತೃಗಳ ನಡುವೆ ಕುಳಿತು, ಅವರ ಮುಖವನ್ನು ನೋಡಿ, ಎಲ್ಲಿ ಅವರ ಲಕ್ಷ್ಯವು ನಿಂತಿತು, ಎಲ್ಲಿ ಜಾರಿತು ಎಂಬುದನ್ನು ಅರಿತುಕೊಂಡನು. ನುಡಿಯುವ ವಿದ್ಯೆಯನ್ನು ಅವನು ಕೇಳುವ ಪೀಠದಲ್ಲಿ ಕುಳಿತು ಕಲಿತನು.

ಅನಂತರ ಬೆಂಜಮಿನ್ ಸ್ಮಾರ್ಟ್ ಎಂಬ ವಾಕ್ಕಲೆಯ ಬೋಧಕನಲ್ಲಿ ಪಾಠ ಹೇಳಿಸಿಕೊಂಡನು. ತನ್ನ ಮಾತು ಅವಸರಕ್ಕೆ ಬೀಳುವುದೆಂಬುದನ್ನು ಅರಿತು, ‘ನಿಧಾನ’ ಎಂದು ಬರೆದ ಒಂದು ಕಾಗದವನ್ನು ಉಪನ್ಯಾಸಕಾಲದಲ್ಲಿ ತನ್ನ ಕಣ್ಣಿಗೆ ಬೀಳುವಂತೆ ಇರಿಸಿಕೊಳ್ಳುತ್ತಿದ್ದನು. ಗಂಟೆಯು ತುಂಬುತ್ತ ಬಂದಾಗ ‘ಕಾಲ’ ಎಂಬ ಇನ್ನೊಂದು ಕಾಗದವನ್ನು ಅವನಿಗೆ ತೋರಿಸಲಾಗುತ್ತಿತ್ತು. ಇಷ್ಟು ಪರಿಶ್ರಮದ ಫಲವಾಗಿ ಅವನು ತನ್ನ ಶತಮಾನದ ಹೆಸರಾಂತ ಉಪನ್ಯಾಸಕರಲ್ಲಿ ಒಬ್ಬನಾದನು. ಆ ಸಂಸ್ಥೆಯಲ್ಲಿ ೧೮೨೫ರಲ್ಲಿ ಆರಂಭವಾದ, ಮಕ್ಕಳಿಗಾಗಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸಗಳ ಹತ್ತೊಂಬತ್ತು ಮಾಲೆಗಳನ್ನು ಅವನೊಬ್ಬನೇ ನಡೆಸಿಕೊಟ್ಟನು. ಹುಟ್ಟುಗುಣವೆಂದು ಜನರು ಬೆರಗಾಗಿ ಹೊಗಳಿದುದು ವಾಸ್ತವವಾಗಿ ವರ್ಷಗಳ ಅಭ್ಯಾಸವಾಗಿತ್ತು.

೨. ನಾಲ್ಕು ಅನುಬಂಧಗಳು

ಶಾಸ್ತ್ರಗ್ರಂಥವನ್ನು ಆರಂಭಿಸುವ ಮೊದಲು ಅನುಬಂಧಚತುಷ್ಟಯವನ್ನು ವಿಚಾರಿಸಬೇಕೆಂಬುದು ಸಂಸ್ಕೃತ ಪಂಡಿತರ ಸಂಪ್ರದಾಯ. ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಈ ನಾಲ್ಕನ್ನು ಗ್ರಂಥಕ್ಕೆ ಮಾತ್ರ ಮೀಸಲೆಂದು ತಿಳಿಯಬೇಕಾಗಿಲ್ಲ. ಉಪನ್ಯಾಸದ ಸಿದ್ಧತೆಗೆ ಇದಕ್ಕಿಂತ ಹಿತವಾದ ಕ್ರಮವು ದೊರೆಯುವುದು ಕಷ್ಟ.

ಮೊದಲನೆಯದು ಅಧಿಕಾರಿಯ ವಿಚಾರ. ಉಪನ್ಯಾಸದಲ್ಲಿ ಇದೇ ಮೊದಲು ಬರತಕ್ಕದ್ದು. ಕೇಳುವವರು ಯಾರು? ಅವರಿಗೆ ಈಗಾಗಲೇ ಏನು ಗೊತ್ತಿದೆ? ಯಾವ ಸಂಶಯವನ್ನು ಹೊತ್ತು ಬಂದಿದ್ದಾರೆ? ದಿನವಿಡೀ ದುಡಿದು ದಣಿದು ಬಂದಿದ್ದಾರೆಯೇ? ಈ ಪ್ರಶ್ನೆಗಳಿಗೆ ಉತ್ತರವು ದೊರೆಯದಿದ್ದರೆ ಕರೆದವರನ್ನೇ ಕೇಳಿ ತಿಳಿದುಕೊಳ್ಳಬೇಕು.

ಎರಡನೆಯದು ಪ್ರಯೋಜನ. ಉಪನ್ಯಾಸವು ಮುಗಿದ ಮೇಲೆ ಕೇಳಿದವನಲ್ಲಿ ಏನು ಬದಲಾಗಬೇಕು? ಅವನು ಒಂದು ಹೊಸ ಸಂಗತಿಯನ್ನು ತಿಳಿಯಬೇಕೇ, ತಪ್ಪು ತಿಳಿವಳಿಕೆಯೊಂದನ್ನು ಬಿಡಬೇಕೇ, ಅಥವಾ ನಾಳೆ ಬೆಳಿಗ್ಗೆ ಎದ್ದು ಒಂದು ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಬೇಕೇ? ಇದನ್ನು ನಿಶ್ಚಯಿಸದೆ ಮಾತನಾಡುವವನು ಊರಿನ ಹೆಸರನ್ನು ತಿಳಿಯದೆ ಬಂಡಿ ಹೂಡಿದವನಂತೆ.

ಮೂರನೆಯದು ವಿಷಯ. ಕರೆಯುವವರು ಸಾಮಾನ್ಯವಾಗಿ ಒಂದು ಸಮುದ್ರವನ್ನೇ ವಿಷಯವಾಗಿ ಕೊಡುತ್ತಾರೆ: ‘ಧರ್ಮ’, ‘ಶಿಕ್ಷಣ’, ‘ಆರೋಗ್ಯ’, ‘ಕಾಯಕ’. ಉಪನ್ಯಾಸಕನು ಆ ಸಮುದ್ರದಿಂದ ಒಂದು ಕೊಡವನ್ನು ಮಾತ್ರ ತುಂಬಿಕೊಳ್ಳಬೇಕು. ವಿಷಯವು ಒಂದು ಪದವಾಗಿರದೆ ಒಂದು ಪೂರ್ಣ ವಾಕ್ಯವಾಗಿರಬೇಕು. ‘ಕಾಯಕ’ ಎಂಬುದು ಪದ. ‘ಅಗತ್ಯವನ್ನು ಮೀರಿ ಕೂಡಿಸಿದುದು ದುಡಿದು ತಂದುದಾದರೂ ಕಾಯಕವೆನಿಸದು’ ಎಂಬುದು ವಾಕ್ಯ. ಪದದ ಮೇಲೆ ಎಷ್ಟು ಹೊತ್ತಾದರೂ ಅಲೆಯಬಹುದು, ವಾಕ್ಯವನ್ನಾದರೋ ಸಾಧಿಸಬೇಕಾಗುತ್ತದೆ.

ನಾಲ್ಕನೆಯದು ಸಂಬಂಧ. ಹೇಳುವ ಪ್ರತಿಯೊಂದು ಸಂಗತಿಗೂ ಆ ಒಂದು ವಾಕ್ಯಕ್ಕೂ ಏನು ನಂಟು? ನಂಟಿಲ್ಲದ ಸಂಗತಿಯು ಎಷ್ಟೇ ರುಚಿಕರವಾಗಿರಲಿ, ಎಷ್ಟೇ ಪಾಂಡಿತ್ಯವನ್ನು ತೋರಿಸುವುದಾಗಿರಲಿ, ಅದನ್ನು ತೆಗೆದಿಡಬೇಕು. ಸಿದ್ಧತೆಯಲ್ಲಿ ಅತ್ಯಂತ ಕಷ್ಟವಾದ ಭಾಗವಿದು. ತಿಳಿದುದನ್ನು ಸೇರಿಸುವುದು ಸುಲಭ, ಬಿಡುವುದು ಕಠಿಣ.

೩. ಉಪಕ್ರಮ ಮತ್ತು ಉಪಸಂಹಾರ

ಒಂದು ಗ್ರಂಥದ ತಾತ್ಪರ್ಯವೇನೆಂದು ನಿರ್ಣಯಿಸಲು ಮೀಮಾಂಸಕರೂ ವೇದಾಂತಿಗಳೂ ಆರು ಲಿಂಗಗಳನ್ನು, ಅಂದರೆ ಗುರುತುಗಳನ್ನು, ಹೇಳಿದ್ದಾರೆ. ಆರಂಭ ಮತ್ತು ಮುಕ್ತಾಯಗಳ ಏಕರೂಪತೆಯಾದ ಉಪಕ್ರಮೋಪಸಂಹಾರ, ನಡುನಡುವೆ ಮತ್ತೆ ಹೇಳುವ ಅಭ್ಯಾಸ, ಬೇರೆಡೆಯಲ್ಲಿ ದೊರೆಯದ ಹೊಸತನವಾದ ಅಪೂರ್ವತೆ, ಉಂಟಾಗುವ ಫಲ, ಪ್ರಶಂಸೆಯಾದ ಅರ್ಥವಾದ, ಯುಕ್ತಿಯಾದ ಉಪಪತ್ತಿ, ಇವೇ ಆ ಆರು. ಓದುಗನು ತಾತ್ಪರ್ಯವನ್ನು ಹುಡುಕಲು ಬಳಸುವ ಈ ಗುರುತುಗಳನ್ನು ಉಪನ್ಯಾಸಕನು ತಾತ್ಪರ್ಯವನ್ನು ಇಡುವುದಕ್ಕಾಗಿ ಬಳಸಿಕೊಳ್ಳಬಹುದು. ಮುಖ್ಯ ವಾಕ್ಯವು ಆದಿಯಲ್ಲಿ ಹೊಳೆಯಬೇಕು, ಮಧ್ಯದಲ್ಲಿ ಎರಡು ಮೂರು ಸಲ ಮರಳಬೇಕು, ಅಂತ್ಯದಲ್ಲಿ ನಿಲ್ಲಬೇಕು. ಓದುವವನಿಗೆ ಪುಟವನ್ನು ಹಿಂದಕ್ಕೆ ತಿರುವುವ ಅನುಕೂಲವುಂಟು, ಕೇಳುವವನಿಗೆ ಅದಿಲ್ಲ. ಆದುದರಿಂದ ಬರಹದಲ್ಲಿ ದೋಷವೆನಿಸುವ ಪುನರುಕ್ತಿಯು ಉಪನ್ಯಾಸದಲ್ಲಿ ಹಿತಮಿತವಾಗಿದ್ದರೆ ಗುಣವೇ ಆಗುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಗ್ರಾಮವೊಂದರಲ್ಲಿ ಶ್ರಾವಣದ ಸಂಜೆ ರೈತರು, ನೇಕಾರರು, ಹೆಣ್ಣುಮಕ್ಕಳು, ಶಾಲೆಯ ಹುಡುಗರು ಕೂಡಿದ್ದಾರೆ. ನಲವತ್ತು ನಿಮಿಷಗಳ ಕಾಲವಿದೆ. ವಿಷಯವು ‘ಕಾಯಕ’ ಎಂದಿರಲಿ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗವು ಇದಕ್ಕೆ ತಕ್ಕುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಸಿದ್ಧತೆಯಿಲ್ಲದ ಉಪನ್ಯಾಸಕನು ಕಾಯಕ ಶಬ್ದದ ನಿಷ್ಪತ್ತಿಯಿಂದ ಆರಂಭಿಸಿ, ಹನ್ನೆರಡನೆಯ ಶತಮಾನದ ರಾಜಕೀಯ ಸ್ಥಿತಿಯನ್ನು ವರ್ಣಿಸಿ, ಶರಣರ ಹೆಸರುಗಳ ಪಟ್ಟಿಯನ್ನು ಓದಿ, ಮೂವತ್ತೈದನೆಯ ನಿಮಿಷದಲ್ಲಿ ಲಕ್ಕಮ್ಮನ ಹೆಸರನ್ನು ಎತ್ತಿ, ಸಮಯವಾಯಿತೆಂದು ಕುಳಿತುಕೊಳ್ಳುವನು. ಸಿದ್ಧನಾದವನು ಬೇರೆ ರೀತಿಯಲ್ಲಿ ನಡೆಯುವನು. ಮೊದಲ ಐದು ನಿಮಿಷಗಳಲ್ಲಿ ಕಥೆಯನ್ನು ಅಕ್ಕಿಯ ಗಂಟು ಮನೆಗೆ ಬಂದು ಇಳಿಯುವವರೆಗೆ ಹೇಳಿ, ಅಲ್ಲಿಯೇ ನಿಲ್ಲಿಸುವನು. ಅದು ಕದ್ದ ಅಕ್ಕಿಯೇ? ಅಲ್ಲ. ಬೆವರು ಸುರಿಸದೆ ಬಂದುದೇ? ಅಲ್ಲ. ಹಾಗಾದರೆ ಅವಳು ಏಕೆ ಬೇಡವೆಂದಳು? ಈ ಪೂರ್ವಪಕ್ಷವು ಸಭೆಯದೇ ಪ್ರಶ್ನೆಯಾಗಿ ನಿಲ್ಲುತ್ತದೆ. ಮುಂದಿನ ಹತ್ತು ನಿಮಿಷಗಳಲ್ಲಿ, ದುಡಿಮೆಯಿಂದ ಮಾತ್ರವಲ್ಲ, ಅಳತೆಯಿಂದ ಕಾಯಕವು ಕಾಯಕವಾಗುವುದೆಂಬುದನ್ನು ಸಾಧಿಸುವನು. ಅನಂತರದ ಹತ್ತು ನಿಮಿಷಗಳಲ್ಲಿ, ಒಬ್ಬನ ಹೆಚ್ಚಳವು ಮತ್ತೊಬ್ಬನ ಪಾಲಿನ ಕೊರತೆಯಾಗುವ ಬಗೆಯನ್ನು ತೋರಿಸುವನು. ಮತ್ತೆ ಹತ್ತು ನಿಮಿಷಗಳಲ್ಲಿ ಅದೇ ಅಳತೆಯನ್ನು ಅಂಗಡಿಯ ತಕ್ಕಡಿಗೂ, ಕೂಲಿಯ ಹೊತ್ತಿಗೂ, ಅಧಿಕಾರಿಯ ಮೇಜಿಗೂ ಹಿಡಿದು ನೋಡುವನು. ಕೊನೆಯ ಐದು ನಿಮಿಷಗಳಲ್ಲಿ ಗಂಟಿನ ಬಳಿಗೆ ಮರಳಿ, ಮಾರಯ್ಯನು ಅಕ್ಕಿಯನ್ನು ಹಿಂದಕ್ಕೆ ಕೊಂಡೊಯ್ಯುವುದರೊಡನೆ ಕಥೆಯನ್ನು ಮುಗಿಸಿ ಕುಳಿತುಕೊಳ್ಳುವನು. ಸಂಗತಿಗಳು ಕಡಮೆಯಾದವು, ತಾತ್ಪರ್ಯವು ಉಳಿಯಿತು.

೪. ಹೇಳಿಯೂ ಹೇಳದಂತಾದ ಮಾತು

ಮುಖ್ಯವಾದ ಮಾತನ್ನು ಸರಿಯಾದ ಸ್ಥಾನದಲ್ಲಿ ಇಡದಿದ್ದರೆ ಏನಾದೀತು, ಬಹಳವಾದರೆ ಜನರಿಗೆ ಬೇಸರವಾದೀತು ಎಂದು ಕೆಲವರು ತಿಳಿಯಬಹುದು. ಆದರೆ ಪ್ರಾಣಗಳ ಪ್ರಶ್ನೆಯಿದ್ದೆಡೆಯಲ್ಲಿಯೂ ಈ ದೋಷವು ಕಾಣಿಸಿಕೊಂಡುದುಂಟು.

೨೦೦೩ರ ಜನವರಿ ೧೬ರಂದು ಅಮೆರಿಕದ ನಾಸಾ ಸಂಸ್ಥೆಯ ಕೊಲಂಬಿಯಾ ಎಂಬ ಬಾಹ್ಯಾಕಾಶ ನೌಕೆಯು ಏಳು ಮಂದಿಯನ್ನು ಹೊತ್ತು ಮೇಲೇರಿತು. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರಲ್ಲಿ ಒಬ್ಬರಾಗಿದ್ದರು. ಏರಿದ ಸುಮಾರು ೮೨ ಸೆಕೆಂಡುಗಳಲ್ಲಿ ಹೊರಗಣ ಇಂಧನದ ತೊಟ್ಟಿಯಿಂದ ಕಳಚಿದ ನೊರೆಪದಾರ್ಥದ ತುಂಡೊಂದು ನೌಕೆಯ ಎಡರೆಕ್ಕೆಗೆ ಬಡಿಯಿತು. ನೌಕೆಯು ಇನ್ನೂ ಆಕಾಶದಲ್ಲಿರುವಾಗಲೇ, ಆ ಹೊಡೆತದಿಂದ ಅಪಾಯವುಂಟೋ ಇಲ್ಲವೋ ಎಂದು ಲೆಕ್ಕ ಹಾಕಿದ ಇಂಜಿನಿಯರರು ತಮ್ಮ ನಿರ್ಣಯವನ್ನು ಪರದೆಯ ಮೇಲೆ ತೋರಿಸುವ ಪುಟಗಳ ರೂಪದಲ್ಲಿ ಅಧಿಕಾರಿಗಳ ಮುಂದಿಟ್ಟರು.

ಅಂತಹ ಪುಟಗಳಲ್ಲಿ ಒಂದರ ಶಿರೋನಾಮವು ಧೈರ್ಯ ಹೇಳುವಂತಿತ್ತು. ಅದರ ಕೆಳಗೆ ಅಂಶ, ಉಪಾಂಶ, ಉಪಾಂಶದ ಉಪಾಂಶ ಎಂದು ಸಾಲುಗಳು ಇಳಿಯುತ್ತ ಹೋಗಿದ್ದುವು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ಈ ಸಲದ ಸ್ಥಿತಿಯು ಹಿಂದೆ ಮಾಡಿದ ಪರೀಕ್ಷೆಗಳ ಎಲ್ಲೆಯನ್ನು ಬಹಳವಾಗಿ ಮೀರಿದುದೆಂಬ ಸಂಗತಿಯಿತ್ತು. ಪರೀಕ್ಷೆಗೆ ಬಳಸಿದ ತುಂಡಿನ ಗಾತ್ರವು ೩ ಘನ ಅಂಗುಲ. ಈ ಸಲದ್ದಕ್ಕೆ ಅಲ್ಲಿ ಕೊಟ್ಟ ಗಾತ್ರವು ೧೯೨೦ ಘನ ಅಂಗುಲ, ಅಂದರೆ ೬೪೦ ಪಟ್ಟು. ಹಿಂದಿನ ಪರೀಕ್ಷೆಗಳನ್ನು ನಂಬಿ ನಿಶ್ಚಿಂತರಾಗುವಂತಿಲ್ಲವೆಂಬುದೇ ಆ ಪುಟದ ನಿಜವಾದ ತಾತ್ಪರ್ಯ. ಆದರೆ ಉಪಕ್ರಮವು ಒಂದನ್ನು ಹೇಳಿತು. ಕೊನೆಯ ಸಾಲು ಮತ್ತೊಂದನ್ನು ಪಿಸುಗುಟ್ಟಿತು.

೨೦೦೩ರ ಫೆಬ್ರವರಿ ೧ರಂದು ಭೂಮಿಗೆ ಮರಳುತ್ತಿದ್ದ ನೌಕೆಯು ಟೆಕ್ಸಾಸ್ ಪ್ರಾಂತದ ಮೇಲೆ ಒಡೆದು ಚೂರಾಗಿ ಏಳು ಮಂದಿಯೂ ಮೃತರಾದರು. ಅದೇ ವರ್ಷದ ಆಗಸ್ಟಿನಲ್ಲಿ ವರದಿಯನ್ನು ಒಪ್ಪಿಸಿದ ವಿಚಾರಣಾ ಮಂಡಲಿಯು ಅನೇಕ ಕಾರಣಗಳನ್ನು ಎಣಿಸಿತು. ಈ ಪುಟವೊಂದೇ ದುರಂತಕ್ಕೆ ಕಾರಣವೆಂದು ಹೇಳಲಿಲ್ಲ. ಆದರೂ ಇಂತಹ ಪುಟವನ್ನು ಓದಿದ ಹಿರಿಯ ಅಧಿಕಾರಿಗೆ ಇದು ಪ್ರಾಣಾಪಾಯದ ಸಂಗತಿಯೆಂಬುದು ಹೊಳೆಯದೆ ಹೋಗುವುದು ಸಹಜವೆಂದು ಆ ಮಂಡಲಿಯು ಎತ್ತಿ ತೋರಿಸಿತು. ಪುಟವನ್ನು ಬರೆದವರಲ್ಲಿ ವಿದ್ಯೆಯ ಕೊರತೆಯಿರಲಿಲ್ಲ. ಅವರು ಸುಳ್ಳನ್ನೂ ಹೇಳಲಿಲ್ಲ. ಸತ್ಯವನ್ನು ಕೇಳುವವನ ಕಣ್ಣು ತಲುಪದ ಸ್ಥಳದಲ್ಲಿ ಇಟ್ಟರು. ಮುಖ್ಯವಾದುದನ್ನು ಕೊನೆಗೆ ಹೇಳೋಣವೆಂದು ಮುಂದಕ್ಕೆ ತಳ್ಳುವ ಪ್ರತಿಯೊಬ್ಬ ಉಪನ್ಯಾಸಕನೂ ನೆನಪಿನಲ್ಲಿಡತಕ್ಕ ಸಂಗತಿಯಿದು.

೫. ದೃಷ್ಟಾಂತ

ಕೇಳುವವನಿಗೆ ತಿಳಿಯದುದನ್ನು ತಿಳಿದುದರ ಮೂಲಕ ಮುಟ್ಟಿಸುವುದೇ ದೃಷ್ಟಾಂತದ ಕೆಲಸ. ಶಿವಶರಣರು ಇದರಲ್ಲಿ ಆಚಾರ್ಯರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಮೊದಲಾದವರು ಬಟ್ಟೆ, ದೋಣಿ, ಹುಲ್ಲು ಹಗ್ಗಗಳ ಪರಿಚಯವುಳ್ಳ ಜನರ ನಡುವೆ ಬಾಳಿ, ಆ ಜನರು ದಿನವೂ ಮುಟ್ಟುವ ವಸ್ತುಗಳ ಮೂಲಕವೇ ಗಹನವಾದ ತತ್ತ್ವವನ್ನು ಹೇಳಿದ ಪರಂಪರೆಗೆ ಸೇರಿದವರು. ಕೇಳುವವನು ತನ್ನ ಕೈಯ ಕೆಲಸದಲ್ಲಿಯೇ ತತ್ತ್ವವನ್ನು ಕಂಡುಕೊಂಡರೆ, ಅದನ್ನು ಮರೆಯಲು ಅವನು ತನ್ನ ಕೆಲಸವನ್ನೇ ಮರೆಯಬೇಕಾಗುತ್ತದೆ.

ಫ್ಯಾರಡೆಯೂ ಇದೇ ದಾರಿಯನ್ನು ಹಿಡಿದನು. ೧೮೬೦ರ ಕೊನೆಯಲ್ಲಿ ಆರಂಭಿಸಿ ೧೮೬೧ರಲ್ಲಿ ಮುಗಿಸಿದ ಆರು ಉಪನ್ಯಾಸಗಳಿಗೆ ಅವನು ಆರಿಸಿಕೊಂಡ ವಸ್ತುವು ಮನೆಮನೆಯಲ್ಲಿಯೂ ಉರಿಯುವ ಮೇಣದ ಬತ್ತಿ. ಬತ್ತಿಯನ್ನು ಹೇಗೆ ಮಾಡುವರೆಂಬುದರಿಂದ ಹೊರಟು, ಕರಗಿದ ಮೇಣವು ಬತ್ತಿಯ ದಾರವನ್ನೇರುವ ಬಗೆ, ಜ್ವಾಲೆಯ ರಚನೆ, ಉರಿಯುವಾಗ ಹುಟ್ಟುವ ನೀರು, ಗಾಳಿಯಲ್ಲಿರುವ ಆಮ್ಲಜನಕ, ಇಂಗಾಲದ ಅನಿಲ ಇವುಗಳನ್ನು ಒಂದೊಂದಾಗಿ ತೋರಿಸಿ, ಕೊನೆಗೆ ಮನುಷ್ಯನ ಉಸಿರಾಟವೂ ಒಂದು ಬಗೆಯ ದಹನವೇ ಎಂಬಲ್ಲಿಗೆ ಮಕ್ಕಳನ್ನು ಕರೆತಂದನು. ಕಲ್ಲು ಕೆಳಗೆ ಬೀಳುವುದೆಂದು ಹೇಳುವಾಗಲೂ ಕೈಬಿಟ್ಟು ಬೀಳಿಸಿ ತೋರಿಸಬೇಕೆಂಬಷ್ಟರ ಮಟ್ಟಿಗೆ ಅವನು ಕಣ್ಣಾರೆ ಕಾಣಿಸುವುದರಲ್ಲಿ ಶ್ರದ್ಧೆಯುಳ್ಳವನಾಗಿದ್ದನು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ದೃಷ್ಟಾಂತವು ದೀಪದಂತೆ ವಿಷಯದ ಮೇಲೆ ಬೆಳಕು ಬೀರಬೇಕು. ತಾನೇ ನೋಡುವ ವಸ್ತುವಾಗಬಾರದು. ನಗೆಯ ಕಥೆಯು ನೆನಪಿನಲ್ಲಿ ಉಳಿದು, ಯಾವುದಕ್ಕಾಗಿ ಅದನ್ನು ಹೇಳಲಾಯಿತೆಂಬುದು ಮರೆತುಹೋದರೆ ಆ ದೃಷ್ಟಾಂತವು ದಾರಿ ತಪ್ಪಿಸಿತೆಂದೇ ತಿಳಿಯಬೇಕು.

೬. ಉಚ್ಚಾರಣೆಯೂ ಪರದೆಯೂ

ಪಾಣಿನೀಯ ಶಿಕ್ಷೆಯು ವೇದಪಾಠಕರನ್ನು ಉದ್ದೇಶಿಸಿ ಆರು ಗುಣಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳನ್ನು ಬಿಡಿಸಿ ಹೇಳುವುದು, ಒಳ್ಳೆಯ ಸ್ವರ, ಧೈರ್ಯ, ಲಯವನ್ನು ಕಾಪಾಡುವ ಶಕ್ತಿ ಇವು ಗುಣಗಳು. ರಾಗವೆಳೆಯುವುದು, ಅವಸರಪಡುವುದು, ತಲೆಯಲ್ಲಾಡಿಸುವುದು, ಬರೆದುದನ್ನು ನೋಡಿ ಓದುವುದು, ಅರ್ಥವನ್ನರಿಯದೆ ಹೇಳುವುದು, ಕುಗ್ಗಿದ ದನಿಯಲ್ಲಿ ನುಡಿಯುವುದು ಇವು ದೋಷಗಳು. ಈ ಆರರಲ್ಲಿ ಒಂದೂ ಇಂದಿನವರೆಗೆ ಹಳತಾಗಿಲ್ಲ.

ಬರೆದುದನ್ನು ನೋಡಿ ಓದುವ ದೋಷವು ಇಂದು ಹೊಸ ವೇಷವನ್ನು ಧರಿಸಿ ಬಂದಿದೆ. ೧೯೮೭ರಲ್ಲಿ ಪವರ್‌ಪಾಯಿಂಟ್ ಎಂಬ ಗಣಕಯಂತ್ರದ ಸಾಧನವು ಬಳಕೆಗೆ ಬಂದಂದಿನಿಂದ ಶಾಲೆ, ಕಛೇರಿ, ಸಮ್ಮೇಳನಗಳಲ್ಲೆಲ್ಲ ಪರದೆಯ ಮೇಲೆ ಪುಟಗಳನ್ನು ಮೂಡಿಸಿ ಮಾತನಾಡುವ ರೂಢಿಯು ಹಬ್ಬಿದೆ. ಸಾಧನದಲ್ಲಿ ದೋಷವಿಲ್ಲ; ನಕ್ಷೆ, ಚಿತ್ರ, ಹಸ್ತಪ್ರತಿಯ ಒಂದು ಗರಿ ಇವನ್ನು ಸಾವಿರ ಜನರಿಗೆ ಒಮ್ಮೆಲೇ ತೋರಿಸಲು ಇದರಷ್ಟು ಅನುಕೂಲವಾದುದು ಬೇರೆಯಿಲ್ಲ. ಆದರೆ ಪರದೆಯ ತುಂಬ ಅಕ್ಷರಗಳನ್ನು ತುಂಬಿ, ಸಭೆಗೆ ಬೆನ್ನು ತಿರುಗಿಸಿ, ಅದನ್ನೇ ಓದುತ್ತ ನಿಲ್ಲುವುದು ದೋಷ. ಕೇಳುವವನು ಏಕಕಾಲದಲ್ಲಿ ಓದುತ್ತ ಕೇಳುತ್ತ ಇರಲಾರನು. ಎರಡರಲ್ಲಿ ಒಂದು ಕೆಡುತ್ತದೆ. ಒಂದು ಪುಟಕ್ಕೆ ಒಂದೇ ಸಂಗತಿ, ಕೊನೆಯ ಸಾಲಿನವನಿಗೂ ಕಾಣುವ ಅಕ್ಷರ, ಮತ್ತು ವಿದ್ಯುತ್ತು ನಿಂತರೂ ನಿಲ್ಲದ ಮಾತು, ಈ ಮೂರು ನಿಯಮಗಳು ಸಾಕು.

ಮಾತನ್ನು ಪೂರ್ತಿಯಾಗಿ ಕಂಠಪಾಠ ಮಾಡುವುದೂ ಯುಕ್ತವಲ್ಲ. ಒಂದು ಪದ ಜಾರಿದರೆ ಮುಂದಿನ ದಾರಿಯೇ ಮುಚ್ಚಿಹೋಗುತ್ತದೆ. ಮೊದಲ ಎರಡು ವಾಕ್ಯಗಳನ್ನೂ ಕೊನೆಯ ಎರಡು ವಾಕ್ಯಗಳನ್ನೂ ಬಾಯಿಪಾಠ ಮಾಡಿ, ನಡುವಿನದಕ್ಕೆ ಅಂಗೈಯಗಲದ ಚೀಟಿಯಲ್ಲಿ ಐದಾರು ಪದಗಳನ್ನು ಬರೆದುಕೊಂಡರೆ ಸಾಕು. ಮನೆಯಲ್ಲಿ ಎದ್ದು ನಿಂತು, ಗಡಿಯಾರವನ್ನು ಎದುರಿಗಿಟ್ಟು, ಬಾಯಿಬಿಟ್ಟು ಹೇಳಿ ನೋಡಬೇಕು. ಮನಸ್ಸಿನಲ್ಲಿ ಹೇಳಿಕೊಂಡಾಗ ಸುಲಭವಾಗಿ ಹರಿದ ವಾಕ್ಯವು ನಾಲಗೆಯ ಮೇಲೆ ತೊಡರುವುದುಂಟು. ಆ ತೊಡಕು ಸಭೆಯಲ್ಲಿ ಗೊತ್ತಾಗುವುದಕ್ಕಿಂತ ಮನೆಯಲ್ಲಿ ಗೊತ್ತಾಗುವುದು ಲೇಸು. ಆಮೇಲೆ ಮನೆಯವರಲ್ಲಿ ಒಬ್ಬರನ್ನು ಕೂರಿಸಿ ಹೇಳಿ, ಕೇಳಿದುದರ ತಾತ್ಪರ್ಯವೇನೆಂದು ಅವರನ್ನೇ ಕೇಳಬೇಕು. ಅವರ ಉತ್ತರವು ನಿಶ್ಚಯಿಸಿಕೊಂಡ ವಾಕ್ಯವೇ ಆಗಿದ್ದರೆ ಸಿದ್ಧತೆಯು ಮುಗಿಯಿತು. ಬೇರೆಯಾಗಿದ್ದರೆ ತಪ್ಪು ಅವರದಲ್ಲ.

ಸಭಾಕಂಪವು ಎಲ್ಲರಿಗೂ ಉಂಟು, ಅದಕ್ಕಾಗಿ ನಾಚಬೇಕಾದುದಿಲ್ಲ. ಎದ್ದು ನಿಂತೊಡನೆ ಮಾತನ್ನು ಆರಂಭಿಸದೆ, ಎರಡು ಉಸಿರಿನಷ್ಟು ಕಾಲ ಮೌನವಾಗಿದ್ದು, ಹಿಂದಿನ ಸಾಲಿನ ಒಂದು ಮುಖವನ್ನು ನೋಡಿ, ಅವನಿಗೆ ಕೇಳಿಸುವಂತೆ ಮೊದಲ ವಾಕ್ಯವನ್ನು ಹೇಳಿದರೆ ಕಂಪವು ತಾನಾಗಿ ಇಳಿಯುತ್ತದೆ. ಧ್ವನಿವರ್ಧಕವಿರುವೆಡೆ ಸಭೆ ಕೂಡುವ ಮೊದಲೇ ಬಂದು ಅದನ್ನು ಪರೀಕ್ಷಿಸುವುದು ಮೇಲು. ಕೂಗುವುದರಿಂದ ಮಾತಿಗೆ ಬಲ ಬರುವುದಿಲ್ಲ. ೨೦೨೩ರ ಜನವರಿ ೨ರಂದು ದೇಹವನ್ನು ಬಿಟ್ಟ ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಮೆಲುದನಿಯಲ್ಲಿ, ತಿಳಿಗನ್ನಡದಲ್ಲಿ, ಆವೇಶವಿಲ್ಲದೆ ಪ್ರವಚನ ಮಾಡುತ್ತಿದ್ದರು. ಸಾವಿರಾರು ಜನರು ನಿಶ್ಶಬ್ದವಾಗಿ ಕುಳಿತು ಕೇಳುತ್ತಿದ್ದರು. ಕೇಳುವವರ ಮೌನವು ಹೇಳುವವನ ಗಟ್ಟಿದನಿಯಿಂದ ಹುಟ್ಟುವುದಲ್ಲವೆಂಬುದಕ್ಕೆ ಇದೇ ಸಾಕ್ಷಿ.

೭. ಕಾಲ ಮತ್ತು ಪ್ರಶ್ನೆ

ಯಾರಿಗಾದರೂ ಒಂದು ಗಂಟೆಯೇ ಸಾಕೆಂಬುದು ಫ್ಯಾರಡೆಯ ಅಭಿಪ್ರಾಯವಾಗಿತ್ತು. ಕೊಟ್ಟ ಕಾಲವು ನಲವತ್ತು ನಿಮಿಷಗಳಾದರೆ ಮೂವತ್ತೈದು ನಿಮಿಷಗಳಿಗೆ ಸಿದ್ಧನಾಗಬೇಕು. ಸಭೆಯಲ್ಲಿ ಮಾತು ಹಿಗ್ಗುವುದು ಸ್ವಾಭಾವಿಕ. ಹಿಂದೆ ಮಾತನಾಡಿದವರು ಕಾಲವನ್ನು ತಿಂದು ಹದಿನೈದೇ ನಿಮಿಷಗಳು ಉಳಿದಿದ್ದರೆ, ನಲವತ್ತು ನಿಮಿಷಗಳ ಮಾತನ್ನು ಅವಸರದಿಂದ ತುರುಕಬಾರದು. ಯಾವುದನ್ನು ಬಿಡಬಹುದೆಂಬುದನ್ನು ಮೊದಲೇ ಗುರುತಿಸಿಕೊಂಡಿದ್ದು, ನಡುವಿನ ಒಂದೆರಡು ಭಾಗಗಳನ್ನು ಬಿಟ್ಟು, ಆರಂಭವನ್ನೂ ಮುಕ್ತಾಯವನ್ನೂ ಉಳಿಸಿಕೊಳ್ಳಬೇಕು. ‘ಇನ್ನೊಂದೇ ಮಾತು’ ಎಂದು ಹೇಳಿದ ಮೇಲೆ ಒಂದೇ ಮಾತನ್ನು ಹೇಳಬೇಕು.

ಉಪನ್ಯಾಸದ ಅನಂತರ ಪ್ರಶ್ನೆಗಳು ಬಂದರೆ ಅದು ಸಭೆಯು ಕೇಳಿತೆಂಬುದರ ಗುರುತು. ನ್ಯಾಯಶಾಸ್ತ್ರವು ಮಾತಿನ ಸೆಣಸಾಟವನ್ನು ಮೂರು ಬಗೆಯಾಗಿ ವಿಂಗಡಿಸಿದೆ: ಸತ್ಯವನ್ನು ತಿಳಿಯುವುದಕ್ಕಾಗಿ ವಾದ, ಗೆಲ್ಲುವುದಕ್ಕಾಗಿ ಜಲ್ಪ, ಎದುರಿನವನನ್ನು ಬರಿದೆ ಖಂಡಿಸುವುದಕ್ಕಾಗಿ ವಿತಂಡೆ. ಕೇಳಿದವನು ಯಾವ ಬಗೆಯಲ್ಲಿ ಕೇಳಿದರೂ ಉತ್ತರವು ವಾದದ ಬಗೆಯಲ್ಲಿಯೇ ಇರಬೇಕು. ಪ್ರಶ್ನೆಯನ್ನು ಎಲ್ಲರಿಗೂ ಕೇಳಿಸುವಂತೆ ಒಮ್ಮೆ ತಿರುಗಿ ಹೇಳಿ, ಅದರಲ್ಲಿ ಒಪ್ಪತಕ್ಕ ಅಂಶವಿದ್ದರೆ ಮೊದಲು ಒಪ್ಪಿ, ಅನಂತರ ಸಂಕ್ಷೇಪವಾಗಿ ಉತ್ತರಿಸಬೇಕು. ತಿಳಿಯದಿದ್ದರೆ ತಿಳಿಯದೆಂದು ಹೇಳುವುದೇ ಉತ್ತರ. ಗೊತ್ತಿಲ್ಲದುದನ್ನು ಗೊತ್ತಿದೆಯೆಂದು ಹೇಳಿದ ಒಂದು ಮಾತು ಅದುವರೆಗೆ ಹೇಳಿದ ಎಲ್ಲ ಮಾತುಗಳ ಮೇಲಣ ನಂಬಿಕೆಯನ್ನು ಕೆಡಿಸುತ್ತದೆ.

ಚಪ್ಪಾಳೆಗಾಗಿ ಗಾಳ ಹಾಕುವುದು ಉಪನ್ಯಾಸಕನ ಘನತೆಗೆ ಕುಂದೆಂದು ಫ್ಯಾರಡೆಯು ತನ್ನ ಎಳೆಯ ವಯಸ್ಸಿನಲ್ಲಿಯೇ ಅರಿತಿದ್ದನು. ಉಪನ್ಯಾಸದ ಫಲವನ್ನು ಅಳೆಯುವ ಸ್ಥಳವು ಸಭಾಮಂದಿರವಲ್ಲ. ಸಭೆಯು ಚದರಿದ ಮೇಲೆ, ಬರಲಾಗದೆ ಮನೆಯಲ್ಲಿಯೇ ಉಳಿದ ನೆರೆಯವನು ‘ಇಂದು ಏನು ಹೇಳಿದರು?’ ಎಂದು ಕೇಳುತ್ತಾನೆ. ‘ಬಹಳ ಚೆನ್ನಾಗಿ ಮಾತನಾಡಿದರು’ ಎಂಬುದಷ್ಟೇ ಉತ್ತರವಾದರೆ ಉಪನ್ಯಾಸಕನಿಗೆ ಹೊಗಳಿಕೆಯು ದೊರೆಯಿತು. ಸಭೆಗೆ ಏನೂ ದೊರೆಯಲಿಲ್ಲ. ಕೇಳಿಬಂದವನು ಆ ಒಂದು ವಾಕ್ಯವನ್ನು ತನ್ನ ಮಾತಿನಲ್ಲಿ, ತನ್ನ ಕೆಲಸದ ಉದಾಹರಣೆಯೊಡನೆ ನೆರೆಯವನಿಗೆ ಹೇಳಬಲ್ಲವನಾದರೆ, ಉಪನ್ಯಾಸಕನ ಹೆಸರನ್ನು ಅವನು ಮರೆತಿದ್ದರೂ ಚಿಂತೆಯಿಲ್ಲ. ಸಭೆಯ ಋಣವು ಸಂದಾಯವಾಯಿತೆಂದು ತಿಳಿಯತಕ್ಕದ್ದು.